ಅಳತೆ ಚೀಟಿ

ಶುಕ್ರವಾರದ ಬೆಳಗು. ಗುದೈಬಿಯಾದ ಈ ಕೋಣೆಯಲ್ಲಿ
ಏಸಿ ಕೆಮ್ಮುತ್ತದೆ, ನೀರು ತೊಟ್ಟಿಕ್ಕುತ್ತದೆ ಬಕೆಟ್ಟಿಗೆ,
ಮಂಚದ ತುಂಬ ಪೊಡಿಯಬ್ಬ ಹರಡಿಕೊಂಡಿದ್ದಾನೆ
ಸಾವಿರದ ನೂರಾ ಹದಿನಾಲ್ಕು ಚೀಟಿಗಳಾಗಿ.

ಮುಂದೆ: ತೋಬಿನ ಉದ್ದ, ಭುಜ, ತೋಳು, ಕೊರಳು,
ಗಿರಾಕಿಯ ಹೆಸರು, ಮುಂಗಡ ಐನೂರು ಫಿಲ್ಸ್.
ಹಿಂದೆ: ಪೆನ್ಸಿಲಿನಲ್ಲಿ, ಒತ್ತಕ್ಷರ ತಪ್ಪುತಪ್ಪಾಗಿ,
ಮೂರೋ ನಾಲ್ಕೋ ಸಾಲು ಕನ್ನಡ.

ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನು.
ಸತ್ತು ಆರು ವರ್ಷವಾಯಿತು. ಒಂದು ಪುಸ್ತಕವಿಲ್ಲ.
ಅವನ ಬದುಕನ್ನು ನಾನು ಬರೆಯುತ್ತಿದ್ದೇನೆ.
ಯಾರೂ ಬರೆ ಎಂದಿಲ್ಲ.

ಉಳಿದ ದಿನ ಆಸ್ಪತ್ರೆಯ ದಾಖಲೆ ಕೋಣೆ ನನ್ನದು.
ಹುಟ್ಟಿದ್ದು, ಹೊಟ್ಟೆ ಕೊಯ್ದದ್ದು, ಮನೆಗೆ ಹೋದದ್ದು
ನಂಬರಿನ ಪ್ರಕಾರ ಜೋಡಿಸಿದರೆ ಮುಗಿಯಿತು.
ಫೈಲಿನೊಳಗಿನ ಮನುಷ್ಯ ಹೇಗೆ ನಗುತ್ತಿದ್ದ ಎಂದು
ಅಲ್ಲಿ ಯಾರೂ ಕೇಳುವುದಿಲ್ಲ.

ಇಲ್ಲಿ ಹಾಗಲ್ಲ.
ಚಹಾದ ಕುಂಞಿಮೊಯ್ದು ಹೇಳುತ್ತಾನೆ: ಮಾತೇ ಆಡದವನು.
ಅಂಗಡಿಯ ಯಜಮಾನ ಬೂ ಖಲೀಲ್ ಹೇಳುತ್ತಾರೆ:
ಆ ದರ್ಜಿಯ ಬಾಯಿಗೇ ಹೊಲಿಗೆ ಹಾಕಬೇಕಿತ್ತು.
ಇಬ್ಬರೂ ಎದೆಯ ಮೇಲೆ ಕೈಯಿಟ್ಟು ಹೇಳಿದರು.
ಇಬ್ಬರದ್ದೂ ಬರೆದುಕೊಂಡೆ. ಚಹಾದ ಬಾಕಿ
ಹನ್ನೊಂದು ದಿನಾರ್ ಇತ್ತೆಂದು ಆಮೇಲೆ ತಿಳಿಯಿತು.

ತಾರೀಖು ಹಾಕುವ ರೂಢಿ ಅವನಿಗಿರಲಿಲ್ಲ. ಹಾಗಾಗಿ
ಬಟ್ಟೆಯಿಂದ ಕಾಲ ಹುಡುಕುತ್ತೇನೆ: ಉಣ್ಣೆ ಎಂದರೆ ಜನವರಿ,
ಒಂದೇ ದಾರಕ್ಕೆ ಪೋಣಿಸಿದ ನಲವತ್ತು ಚೀಟಿ,
ಅದರಲ್ಲಿ ಮಕ್ಕಳ ಅಳತೆಯೇ ಹೆಚ್ಚು ಎಂದರೆ ಈದ್.
ಲೆಕ್ಕ ತಪ್ಪಿರಲೂಬಹುದು. ಹಳೆಯ ಚೀಟಿಯ ಬೆನ್ನಿಗೆ
ಹೊಸ ಸಾಲು ಬರೆಯಬಾರದೆಂದು ಕಾನೂನಿದೆಯೇ?
'ಧಣಿಯ ತೋಬಿಗೂ ಹಮಾಲಿಯ ತೋಬಿಗೂ
ಕಂಕುಳಲ್ಲಿ ಒಂದೇ ಕತ್ತರಿ'
ಇದನ್ನು ಯಾವ ವರ್ಷಕ್ಕೆ ಸೇರಿಸಲಿ?

ಇನ್ನೊಂದು ಡಬ್ಬಿಯಿತ್ತು, ಬಿಸ್ಕತ್ತಿನದು.
ಹಣ ಕಳಿಸಿದ ರಸೀದಿಗಳು: ಉಚ್ಚಿಲಕ್ಕೆ ತಿಂಗಳಿಗೊಂದು,
ಮತ್ತೆ, ಹದಿನೇಳು ವರ್ಷ ತಪ್ಪದೆ, ಮುಂಬಯಿಗೆ ಒಂದು,
ಒಬ್ಬ ಹೆಂಗಸಿನ ಹೆಸರಿಗೆ. ಆ ಹೆಸರನ್ನು
ಇಲ್ಲಿಯೂ ಬರೆಯಲಾರೆ.
ಮಗಳು ನೆಬಿಸಾ ಫೋನಿನಲ್ಲಿ ತುಂಬ ಹೊತ್ತು ಸುಮ್ಮನಿದ್ದು
'ಬರೆಯಿರಿ' ಎಂದಳು. 'ಆದರೆ ಉಮ್ಮ ಇನ್ನೂ ಇದ್ದಾರೆ.
ಕನ್ನಡಕ ಹೊಸದು. ಎಲ್ಲ ಓದುತ್ತಾರೆ.'

ಆ ಅಧ್ಯಾಯ ನಾಲ್ಕು ಸಲ ಬರೆದೆ.
ಒಂದರಲ್ಲಿ ಅವಳು ತಂಗಿ. ಒಂದರಲ್ಲಿ ತೀರದ ಸಾಲ.
ಮೂರನೆಯದರಲ್ಲಿ, ನನಗೇ ಬೇಕಾಗಿದ್ದಂಥ ಪ್ರೇಮ;
ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಅದು, ಮೊದಲು ಹರಿದದ್ದೂ ಅದನ್ನೇ.
ನಾಲ್ಕನೆಯದರಲ್ಲಿ ಬರಿ ಮೊತ್ತ.

ಇವತ್ತು ಒಂಬೈನೂರಾ ಎರಡನೆಯ ಚೀಟಿ ಎತ್ತಿದರೆ
ಹೆಸರು: ಸೋಮಯ್ಯ ಶೇರಿಗಾರ್, ಆಸ್ಪತ್ರೆ.
ನಾನೇ. ಬಂದ ವರ್ಷ. ಪ್ಯಾಂಟು ಒಂದು, ಅಂಗಿ ಎರಡು.
ಎದೆ ಮೂವತ್ತಾರು. ಸೊಂಟ ಇಪ್ಪತ್ತೊಂಬತ್ತು.

ಕೊರಳಿಗೆ ಟೇಪು ಸುತ್ತಿದ ಆ ಕೈಯನ್ನು
ನೆನಪು ಮಾಡಿಕೊಳ್ಳುತ್ತೇನೆ. ಬರುವುದಿಲ್ಲ.
ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆನೆಂದು ಕಾಣುತ್ತದೆ,
ರಜೆಗೆ ಇನ್ನೆಷ್ಟು ದಿನ ಎಂದು.

ತಿರುಗಿಸಿದೆ. ಪದ್ಯವಿರಲಿಲ್ಲ.
ತನಗೆ ತಾನೇ ಬರೆದುಕೊಂಡ ಒಂದು ಸೂಚನೆ:
'ಎಡಭುಜ ಇಳಿದಿದೆ. ಹೇಳಿದರೆ ಬೇಜಾರಾಗುತ್ತಾನೆ.
ಒಳಗಿಂದ ಒಂದು ಪದರ ಬಟ್ಟೆ ಕೊಡುವುದು.'

ಬಚ್ಚಲ ಕನ್ನಡಿಯ ಮುಂದೆ ಹೋಗಿ ನಿಂತೆ.
ಹೌದು, ಇಳಿದಿದೆ.
ಇಪ್ಪತ್ತಮೂರು ವರ್ಷ ಯಾರೂ ಹೇಳಿರಲಿಲ್ಲ.

ಕೆಳಗೆ ಜುಮಾ ಮುಗಿಸಿ ಜನ ಹೊರಗೆ ಬರುತ್ತಿದ್ದಾರೆ,
ಚಪ್ಪಲಿ ಹುಡುಕುವ ಗದ್ದಲ, ಬಿಸಿಲಿಗೆ ಹೊಳೆವ ಬಿಳಿ ತೋಬುಗಳು,
ಯಾರ ಹೊಲಿಗೆಯೋ ಯಾರ ಮೈಮೇಲೋ.
ಬಕೆಟ್ಟು ತುಂಬಿತ್ತು. ಚೆಲ್ಲಿ ಬಂದು
ಐದನೆಯ ಸಲ ಆ ಅಧ್ಯಾಯ ತೆಗೆದೆ.